ಮೊದಲು ಎಂಜಿನ್ ಎಣಿಸಿ: ವಿಕಿಪೀಡಿಯದಲ್ಲಿ ವಿಮಾನ ಹಾರಿಸಿದವರ ಲೇಖನಕ್ಕೆ ಫೋಟೋ ಆರಿಸುವುದು ಹೇಗೆ

ಹೋದ ಮಳೆಗಾಲದಲ್ಲಿ ಎರಡು ದಿನ ಶಿರಸಿಯ ಚಿಕ್ಕಮ್ಮನ ಮನೆಯಲ್ಲಿದ್ದೆ. ಅಂಗಳಕ್ಕೆ ಇಳಿಯಲೂ ಆಗದಂಥ ಮಳೆ. ಚಿಕ್ಕಮ್ಮನ ಮಗಳು ಕನ್ನಡ ವಿಕಿಪೀಡಿಯಕ್ಕೆ ಅಂತ ಅಮೆರಿಕದ ವಿಮಾನ ಚಾಲಕಿ ಅಮೇಲಿಯಾ ಇಯರ್‌ಹಾರ್ಟ್ ಅವರ ಬಗ್ಗೆ ಬರೆಯುತ್ತಾ ಕೂತಿದ್ದಳು. ಬರವಣಿಗೆ ಚೆನ್ನಾಗೇ ಇತ್ತು. 1932ರಲ್ಲಿ ಅಮೇಲಿಯಾ ಒಬ್ಬರೇ ಅಟ್ಲಾಂಟಿಕ್ ದಾಟಿದ ಪ್ಯಾರಾದ ಪಕ್ಕ ಒಂದು ಚಂದದ ಫೋಟೋ ಹಾಕಿದ್ದಳು. ಪಾತ್ರೆ ತೊಳೆದಿಟ್ಟ ಹಾಗೆ ಹೊಳೆಯುವ ವಿಮಾನ, ಅದರ ಮುಂದೆ ಅಮೇಲಿಯಾ. ಏಳನೇ ಕ್ಲಾಸಿನ ತಮ್ಮ ಬಂದು ಹಿಂದಿನಿಂದ ಇಣುಕಿದ.

"ಅಕ್ಕಾ, ಒಂದೇ ಎಂಜಿನ್ನಿನ ವಿಮಾನ ಅಂತ ಬರೆದಿದ್ದೀಯ. ಇದಕ್ಕೆ ಎರಡಿದೆಯಲ್ಲ?"

ಹೌದು, ಎರಡಿತ್ತು. ಅದು 1937ರ ಎಲೆಕ್ಟ್ರಾ, ಅಂದರೆ ಅಮೇಲಿಯಾ ಕಾಣೆಯಾದಾಗ ಹಾರಿಸುತ್ತಿದ್ದ ವಿಮಾನ. ಐದು ವರ್ಷ ಹಿಂದಿನ ಕಥೆಯ ಪಕ್ಕ ಅದು ಆರಾಮಾಗಿ ಕೂತಿತ್ತು. ಬರೆದವಳಿಗೂ ಗೊತ್ತಾಗಲಿಲ್ಲ, ಓದಿ "ಸೂಪರ್" ಅಂದ ನನಗೂ ಗೊತ್ತಾಗಲಿಲ್ಲ. ಓದುವವರು ಪ್ಯಾರಾ ಮರೆತರೂ ಫೋಟೋ ಮರೆಯುವುದಿಲ್ಲ, ಹಾಗಾಗಿ ಫೋಟೋದಲ್ಲಿ ತಪ್ಪಿದರೆ ತಪ್ಪೇ ಜನರ ತಲೆಯಲ್ಲಿ ಉಳಿಯುತ್ತದೆ. ಆ ಎರಡು ದಿನ ನಾವು ಮೂವರೂ ಕೂತು ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವು ಬೇರೆ ಯಾರ ಬಗ್ಗೆ ಬರೆಯುತ್ತಿದ್ದರೂ ದಾರಿ ಇದೇ.

ಮೊದಲು ಲೇಖನ, ಆಮೇಲೆ ಹುಡುಕಾಟ

ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಹೆಸರು ಹಾಕಿ ಹುಡುಕುವುದು, ಕಣ್ಣಿಗೆ ಹಿಡಿಸಿದ ಏಳೆಂಟು ಇಳಿಸಿಕೊಳ್ಳುವುದು, ಆಮೇಲೆ ಎಲ್ಲಿ ತುರುಕಬಹುದು ಅಂತ ಜಾಗ ನೋಡುವುದು. ಹಾಗೆ ಮಾಡಿದರೆ ಲೇಖನ ಮದುವೆ ಆಲ್ಬಮ್ ಆಗುತ್ತದೆ. ಅದೇ ಮುಖ, ಹತ್ತು ಭಂಗಿ.

ಒಂದು ಹಾಳೆ ತೆಗೆದುಕೊಳ್ಳಿ. ಲೇಖನದ ಒಂದೊಂದು ಭಾಗಕ್ಕೂ ಒಂದೊಂದು ಸಾಲು ಬರೆಯಿರಿ: ಇಲ್ಲಿ ಏನು ಕಂಡರೆ ಓದುವವರಿಗೆ ವಿಷಯ ಬೇಗ ತಿಳಿಯುತ್ತದೆ? ನಮ್ಮ ಹಾಳೆ ಹೀಗಿತ್ತು. 1928ರ ಜೂನ್: 'ಫ್ರೆಂಡ್‌ಶಿಪ್' ವಿಮಾನದಲ್ಲಿ ಪ್ರಯಾಣಿಕರಾಗಿ ಅಟ್ಲಾಂಟಿಕ್ ದಾಟಿದ್ದು. ಹಾರಿಸಿದ್ದು ವಿಲ್ಮರ್ ಸ್ಟುಲ್ಟ್ಜ್, ತಾನು ಆಲೂಗಡ್ಡೆ ಮೂಟೆ ಥರ ಇದ್ದೆ ಅಂತ ಅಮೇಲಿಯಾ ಆಮೇಲೆ ಹೇಳಿಕೊಂಡಿದ್ದಾರೆ. 1932ರ ಮೇ: ಒಬ್ಬರೇ ನ್ಯೂಫೌಂಡ್‌ಲ್ಯಾಂಡಿನಿಂದ ಹೊರಟು ಸುಮಾರು 15 ಗಂಟೆ ಹಾರಿ ಉತ್ತರ ಐರ್ಲೆಂಡಿನ ಒಂದು ಹುಲ್ಲುಗಾವಲಿನಲ್ಲಿ ಇಳಿದದ್ದು. 1935ರ ಜನವರಿ: ಹವಾಯಿಯಿಂದ ಕ್ಯಾಲಿಫೋರ್ನಿಯಾಕ್ಕೆ, ಅದೂ ಒಬ್ಬರೇ. 1937: ಭೂಮಿ ಸುತ್ತುವ ಪ್ರಯಾಣ, ನಡುವೆ ನಮ್ಮ ಕಡೆಗೂ ಬಂದು ಕರಾಚಿ, ಕಲ್ಕತ್ತಾದಲ್ಲಿ ಇಳಿದದ್ದು. ಕೊನೆಗೆ ಜುಲೈ 2, ನ್ಯೂಗಿನಿಯ ಲೇ ಪಟ್ಟಣದಿಂದ ಹಾರಿ ಪೆಸಿಫಿಕ್ ಸಾಗರದ ಹೌಲ್ಯಾಂಡ್ ದ್ವೀಪ ಮುಟ್ಟದೇ ಕಾಣೆಯಾದದ್ದು.

ಐದು ಸಾಲು ಆಯಿತಲ್ಲ, ಐದೇ ಚಿತ್ರ ಸಾಕು. ಮೇಲಿನ ಮಾಹಿತಿ ಚೌಕಕ್ಕೆ ಒಂದು ಮುಖ ಸೇರಿದರೆ ಆರು. ಕನ್ನಡದಲ್ಲಿ ನಮ್ಮ ಲೇಖನಗಳು ಇಂಗ್ಲಿಷಿನಷ್ಟು ಉದ್ದ ಇರುವುದಿಲ್ಲ, ಅಲ್ಲಿರುವ ಇಪ್ಪತ್ತು ಚಿತ್ರ ಎತ್ತಿ ತಂದು ಇಲ್ಲಿ ಸುರಿದರೆ ಚಿತ್ರಗಳ ನಡುವೆ ಅಕ್ಷರ ಹುಡುಕಬೇಕಾಗುತ್ತದೆ.

ನೆಟ್ಟಲ್ಲಿ ಸಿಕ್ಕಿತು ಅಂದರೆ ಬಳಸಬಹುದು ಅಂತಲ್ಲ

ಇದು ನನಗೆ ಬಿದ್ದ ಪೆಟ್ಟು. ಕೆಲವು ವರ್ಷದ ಹಿಂದೆ ನಾನು ಮೊದಲ ಸಲ ಅಪ್‌ಲೋಡ್ ಮಾಡಿದ ಫೋಟೋ ಮೂರೇ ದಿನದಲ್ಲಿ ಅಳಿಸಿಹೋಯಿತು. ಯಾವುದೋ ವೆಬ್‌ಸೈಟಿನಿಂದ ಇಳಿಸಿ, ಫಾರ್ಮಿನಲ್ಲಿ "ಸ್ವಂತ ಕೆಲಸ" ಅಂತ ಒತ್ತಿಬಿಟ್ಟಿದ್ದೆ. 1930ರ ದಶಕದ ಫೋಟೋವನ್ನು ಕಾರವಾರದಲ್ಲಿ ಕೂತ ನಾನು ತೆಗೆದೆ ಅಂದರೆ ಯಾರು ನಂಬುತ್ತಾರೆ ಹೇಳಿ.

ವಿಕಿಪೀಡಿಯದ ಚಿತ್ರಗಳಲ್ಲಿ ಹೆಚ್ಚಿನವು ಇರುವುದು ವಿಕಿಮೀಡಿಯ ಕಾಮನ್ಸ್ ಎಂಬ ಭಂಡಾರದಲ್ಲಿ. ಅಲ್ಲಿಗೆ ಒಮ್ಮೆ ಬಂದದ್ದನ್ನು ಯಾರು ಬೇಕಾದರೂ, ಮಾರುವ ಪುಸ್ತಕದಲ್ಲಿ ಕೂಡ, ಬಳಸಬಹುದು. ಅದಕ್ಕೇ "ವ್ಯಾಪಾರಕ್ಕೆ ಬಳಸಬಾರದು" ಅಥವಾ "ಬದಲಾಯಿಸಬಾರದು" ಎಂಬ ಷರತ್ತಿನ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ (ಬಳಸಲು ಮಾಲೀಕರು ಮೊದಲೇ ಕೊಟ್ಟಿಟ್ಟ ಅನುಮತಿ) ಇದ್ದರೆ ಅಲ್ಲಿ ತೆಗೆದುಕೊಳ್ಳುವುದಿಲ್ಲ. ಹೆಸರು ಹೇಳಿ ಬಳಸಿ, ಅದೇ ಲೈಸೆನ್ಸಿನಲ್ಲಿ ಹಂಚಿ ಅನ್ನುವವು ನಡೆಯುತ್ತವೆ. ಕಾಪಿರೈಟ್ ಮುಗಿದವಂತೂ ಯಾರ ತಕರಾರೂ ಇಲ್ಲ.

ಒಂದು ಬಲೆ ಇದೆ, ಹುಷಾರು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಕಂಡ ಚಿತ್ರದ ಹೆಸರನ್ನು ಹಾಗೇ ನಕಲು ಮಾಡಿ ಕನ್ನಡದಲ್ಲಿ ಹಾಕುತ್ತೀರಿ, ಚಿತ್ರ ಬರುವುದಿಲ್ಲ, ಕೆಂಪು ಅಕ್ಷರ ಬರುತ್ತದೆ. ನಿಮ್ಮ ತಪ್ಪಲ್ಲ. ಆ ಚಿತ್ರ ಕಾಮನ್ಸಿನಲ್ಲಿ ಇಲ್ಲ, ಹೆಚ್ಚಿನ ಸಲ ಕಾಪಿರೈಟ್ ಇದ್ದರೂ ಕೆಲವು ಷರತ್ತಿನ ಮೇಲೆ ಇಂಗ್ಲಿಷಿನಲ್ಲಿ ಮಾತ್ರ ಇಟ್ಟುಕೊಂಡಿದ್ದಾರೆ ಅಂತ ಅರ್ಥ. ಅದನ್ನು ಕಾಮನ್ಸಿಗೆ ಸಾಗಿಸಲು ಹೋಗಬೇಡಿ, ಬೇರೆ ಹುಡುಕಿ.

ವರ್ಷದ ಲೆಕ್ಕ ಸ್ವಲ್ಪ ತಲೆ ತಿನ್ನುತ್ತದೆ. ಅಮೆರಿಕದಲ್ಲಿ ಹಳೆಯ ಪ್ರಕಟಿತ ಫೋಟೋಗೆ ಕಾಪಿರೈಟ್ ಹೆಚ್ಚೆಂದರೆ 95 ವರ್ಷ. ಹಾಗಾಗಿ 1928ರಲ್ಲಿ ಪತ್ರಿಕೆಯಲ್ಲಿ ಬಂದ ಫ್ರೆಂಡ್‌ಶಿಪ್ ಫೋಟೋ ಈಗ ಎಲ್ಲರದ್ದು. ಬರೀ ವಯಸ್ಸಿನ ಲೆಕ್ಕದಲ್ಲಿ ಹೋದರೆ 1932ರಲ್ಲಿ ಪ್ರಕಟವಾದದ್ದಕ್ಕೆ 2028ರ ಜನವರಿವರೆಗೆ ಕಾಯಬೇಕು. ಆದರೆ ಆ ಕಾಲದ ಎಷ್ಟೋ ಅಮೆರಿಕನ್ ಪ್ರೆಸ್ ಫೋಟೋಗಳ ಮೇಲೆ ಕಾಪಿರೈಟ್ ಸೂಚನೆಯೇ ಇರಲಿಲ್ಲ, ಇದ್ದರೂ ಮುಂದೆ ನವೀಕರಿಸಲಿಲ್ಲ. ಅಂಥವೂ ಮುಕ್ತ. ಅದನ್ನು ತೋರಿಸಬೇಕು ಅಷ್ಟೇ: ಫೋಟೋದ ಮುಂದಿನ ಬದಿಯ ಜೊತೆ ಹಿಂದಿನ ಬದಿಯ ಸ್ಕ್ಯಾನ್ ಕೂಡ ಇದ್ದರೆ ಕೇಸು ಗಟ್ಟಿ. ಅಮೆರಿಕದ ಕೇಂದ್ರ ಸರ್ಕಾರದ ನೌಕರ ಕೆಲಸದ ಮೇಲೆ ತೆಗೆದದ್ದಾದರೆ ಹುಟ್ಟಿದಾಗಲೇ ಮುಕ್ತ. ಸೇನೆ, ನೌಕಾಪಡೆ, ಕರಾವಳಿ ಕಾವಲು ಪಡೆಯ ಫೋಟೋಗಳು ಹೀಗೆ ಸಿಗುತ್ತವೆ.

ನಮ್ಮ ದೇಶದ್ದು ಬೇರೆ ಲೆಕ್ಕ. ಇಲ್ಲಿ ಫೋಟೋ ಪ್ರಕಟವಾದ ಮೇಲೆ 60 ವರ್ಷ. ಸರ್ಕಾರಿ ಫೋಟೋಗೂ ಅಷ್ಟೇ, ಅಮೆರಿಕದ ಹಾಗೆ ಸರ್ಕಾರದ್ದು ಅಂದ ಕೂಡಲೇ ಫ್ರೀ ಅಲ್ಲ. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟೋ ಜನ ಇಲಾಖೆಯ ಫೋಟೋ ಹಾಕಿ ಕೈಸುಟ್ಟುಕೊಳ್ಳುತ್ತಾರೆ.

ಎಲ್ಲಿ ಹುಡುಕುವುದು? ಮೊದಲು ಕಾಮನ್ಸಿನಲ್ಲಿ ನೀವು ಯಾರ ಬಗ್ಗೆ ಬರೆಯುತ್ತಿದ್ದೀರೋ ಅವರ ಹೆಸರಿನ ವರ್ಗ (ಕೆಟಗರಿ) ತೆರೆಯಿರಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಆಮೇಲೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಅಲ್ಲಿ ಹ್ಯಾರಿಸ್ ಅಂಡ್ ಯೂಯಿಂಗ್, ಬೇನ್ ಎಂಬ ಹಳೆಯ ಫೋಟೋ ಸಂಗ್ರಹಗಳಿವೆ. ಅಲ್ಲಿನದ್ದೇ ಸ್ಮಿತ್ಸೋನಿಯನ್ ಸಂಗ್ರಹಾಲಯ 2020ರಿಂದ ಲಕ್ಷಾಂತರ ಚಿತ್ರಗಳನ್ನು ಮುಕ್ತವಾಗಿ ಬಿಟ್ಟಿದೆ, ಆದರೆ ಎಲ್ಲವನ್ನೂ ಅಲ್ಲ, ಪ್ರತಿ ಚಿತ್ರದ ಕೆಳಗೆ ನೋಡಬೇಕು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಅಮೇಲಿಯಾ ಅವರದ್ದೇ ದೊಡ್ಡ ಸಂಗ್ರಹ ಇದೆ. ನೋಡಲು ಹಬ್ಬ. ನೋಡಲು ಕೊಟ್ಟಿದ್ದಾರೆ ಅಂದ ಮಾತ್ರಕ್ಕೆ ಎತ್ತಲು ಕೊಟ್ಟಿದ್ದಾರೆ ಅಂತಲ್ಲ. ಪಿಂಟರೆಸ್ಟ್ ಕಡೆ ತಲೆಯೇ ಹಾಕಬೇಡಿ.

ವಿಮಾನ ಓದುವುದು ಕಲಿಯಿರಿ

ನನಗೆ ಭಾರೀ ಖುಷಿ ಕೊಟ್ಟ ಭಾಗ ಇದು. ಮುಖ ನೋಡಿ ವರ್ಷ ಹೇಳುವುದು ಕಷ್ಟ. ಅಮೇಲಿಯಾ ಗಿಡ್ಡ ಕೂದಲು, ಚರ್ಮದ ಜಾಕೆಟ್ಟಿನಲ್ಲೇ ಎಲ್ಲ ಕಡೆ ಕಾಣುತ್ತಾರೆ. ವಿಮಾನ ಹಾಗಲ್ಲ, ಗುಟ್ಟು ಬಿಟ್ಟುಕೊಡುತ್ತದೆ.

ಎಂಜಿನ್ ಎಣಿಸಿ. ಮೂರಿದ್ದು, ಕೆಳಗೆ ಚಕ್ರದ ಬದಲು ದೋಣಿ ಥರದ ಎರಡು ತೇಲುಗಳಿದ್ದರೆ ಅದು 1928ರ ಫ್ರೆಂಡ್‌ಶಿಪ್, ಫೊಕ್ಕರ್ ಕಂಪನಿಯದ್ದು. ಮೂತಿಯಲ್ಲಿ ಒಂದೇ ಎಂಜಿನ್, ರೆಕ್ಕೆ ಬೆನ್ನ ಮೇಲೆ ಹಲಗೆ ಇಟ್ಟ ಹಾಗೆ, ಮೈ ಉರುಟು ಮರದ್ದು ಅಂದರೆ ಲಾಕ್‌ಹೀಡ್ ವೇಗಾ. ರೆಕ್ಕೆಗೊಂದರಂತೆ ಎರಡು ಎಂಜಿನ್, ಬಣ್ಣ ಬಳಿಯದ ಲೋಹದ ಮೈ, ಬಾಲದಲ್ಲಿ ನಿಂತ ಎರಡು ಹಲಗೆ ಅಂದರೆ ಎಲೆಕ್ಟ್ರಾ 10ಇ. ಒಂದರ ಮೇಲೊಂದು ಎರಡು ರೆಕ್ಕೆ, ತೆರೆದ ಸೀಟು ಇದ್ದರೆ ಇನ್ನೂ ಹಳೆಯ, ಸಣ್ಣ ವಿಮಾನ. ಇಷ್ಟು ಗೊತ್ತಿದ್ದರೆ ಏಳನೇ ಕ್ಲಾಸಿನ ಹುಡುಗನೂ ವರ್ಷ ಹೇಳುತ್ತಾನೆ, ಹೇಳಿದ ಕೂಡ.

ವೇಗಾದಲ್ಲಿ ಮಾತ್ರ ನಾವು ಮತ್ತೆ ಎಡವಿದೆವು. ಅಟ್ಲಾಂಟಿಕ್ ದಾಟಿದ್ದೂ ವೇಗಾ, ಹವಾಯಿಯಿಂದ ಹಾರಿದ್ದೂ ವೇಗಾ, ಆದರೆ ವಿಮಾನ ಬೇರೆ ಬೇರೆ. ಆಗ ನೋಡಬೇಕಾದದ್ದು ರೆಕ್ಕೆ ಮತ್ತು ಬಾಲದ ಮೇಲೆ ಬರೆದ ನಂಬರು. ನಮ್ಮ ಗಾಡಿಗಳಿಗೆ ಕೆಎ 30 ಕಾರವಾರ, ಕೆಎ 31 ಶಿರಸಿ ಇದ್ದ ಹಾಗೆಯೇ ವಿಮಾನಕ್ಕೂ ನಂಬರು ಇರುತ್ತದೆ. ಅಮೆರಿಕದ್ದು 'ಎನ್' ಅಕ್ಷರದಿಂದ ಶುರು, ಭಾರತದ್ದು 'ವಿಟಿ'ಯಿಂದ. 1932ರ ವೇಗಾ ಎನ್‌ಆರ್ 7952. 1935ರದ್ದು ಎನ್‌ಆರ್ 965ವೈ. ಎಲೆಕ್ಟ್ರಾ ಎನ್‌ಆರ್ 16020. ನಂಬರು ಓದಲು ಆಗುವಷ್ಟು ದೊಡ್ಡ ಫೈಲ್ ತೆರೆಯಿರಿ, ಲೈಬ್ರರಿಗಳು ಕೊಡುವ ದೊಡ್ಡ ಟಿಫ್ ಫೈಲ್ ಇಳಿಸಲು ನಮ್ಮ ಘಟ್ಟದ ಮೇಲಿನ ನೆಟ್‌ವರ್ಕಿನಲ್ಲಿ ಒಂದು ಲೋಟ ಕಷಾಯ ಕುಡಿದು ಮುಗಿಸುವಷ್ಟು ಹೊತ್ತು ಬೇಕು, ಆದರೂ ಕಾಯಿರಿ. ನಂಬರು ತಿರುಗುಮುರುಗಾಗಿ ಕಂಡರೆ ಯಾರೋ ಚಿತ್ರವನ್ನು ಕನ್ನಡಿಯ ಥರ ತಿರುಗಿಸಿದ್ದಾರೆ. ಅಂಥದ್ದು ಬೇಡ.

ಆಮೇಲೆ ಜನರನ್ನು ಎಣಿಸಿ. ಎಲೆಕ್ಟ್ರಾ ಮುಂದೆ ಅಮೇಲಿಯಾ ಸೇರಿ ನಾಲ್ಕು ಜನ ನಿಂತ ಫೋಟೋ ಇದೆ: ಆ ಪ್ರಯಾಣದ ಸಂಗಡಿಗರಾದ ಪಾಲ್ ಮ್ಯಾಂಟ್ಜ್, ಹ್ಯಾರಿ ಮ್ಯಾನಿಂಗ್, ಫ್ರೆಡ್ ನೂನನ್ ಜೊತೆಗೆ. ಅದು 1937ರ ಮಾರ್ಚಿನ ಮೊದಲ ಪ್ರಯತ್ನದ್ದು. ಆ ಸಲ ಪಶ್ಚಿಮಕ್ಕೆ ಹೊರಟಿದ್ದರು, ಮಾರ್ಚ್ 20ಕ್ಕೆ ಹವಾಯಿಯಲ್ಲಿ ಮೇಲೇರುವಾಗಲೇ ವಿಮಾನ ಜಖಂ ಆಯಿತು. ರಿಪೇರಿ ಮಾಡಿಸಿ ಎರಡನೇ ಸಲ ಪೂರ್ವಕ್ಕೆ ಹೊರಟಾಗ ಇದ್ದದ್ದು ಅಮೇಲಿಯಾ, ನೂನನ್ ಇಬ್ಬರೇ. ನಾಲ್ವರ ಫೋಟೋವನ್ನು "ಕೊನೆಯ ಪ್ರಯಾಣಕ್ಕೆ ಮೊದಲು" ಅಂತ ಹಾಕಿದರೆ ತಪ್ಪಾಗುತ್ತದೆ.

ನಮ್ಮವರಲ್ಲೂ ಇದೇ ಕಥೆ. ಜೆಆರ್‌ಡಿ ಟಾಟಾ 1932ರ ಅಕ್ಟೋಬರ್ 15ಕ್ಕೆ ಕರಾಚಿಯಿಂದ ಬೊಂಬಾಯಿಗೆ ಟಪಾಲು ಹೊತ್ತು ಹಾರಿದ್ದು ಪುಸ್ ಮಾತ್ ವಿಮಾನದಲ್ಲಿ, ನಂಬರು ವಿಟಿ-ಎಡಿಎನ್. ಅದರ 50ನೇ ವರ್ಷಕ್ಕೆ, 1982ರಲ್ಲಿ, 78ರ ವಯಸ್ಸಿನಲ್ಲಿ ಅದೇ ದಾರಿಯನ್ನು ಮತ್ತೆ ಹಾರಿ ತೋರಿಸಿದರು, ಆ ಸಲ ಲೆಪರ್ಡ್ ಮಾತ್ ವಿಮಾನ. ಎರಡೂ ಪುಟಾಣಿ, ದೂರದಿಂದ ಅಣ್ಣತಮ್ಮಂದಿರ ಹಾಗೆ. ಬಿಳಿಕೂದಲಿನ ಜೆಆರ್‌ಡಿ ಫೋಟೋವನ್ನು 1932ರ ಪ್ಯಾರಾ ಪಕ್ಕ ಹಾಕಿದರೆ ಎರಡು ತಪ್ಪು ಒಟ್ಟಿಗೆ: ವರ್ಷವೂ ತಪ್ಪು, ಮತ್ತೆ 1982ರ ಫೋಟೋ ಇನ್ನೂ ಕಾಪಿರೈಟ್ ಒಳಗೇ ಇದೆ.

ಸುದ್ದಿ ಮಾಡಿದ ಫೋಟೋ ಕಂಡರೆ ನಿಧಾನ

2017ರಲ್ಲಿ ಒಂದು ಫೋಟೋ ಜಗತ್ತೆಲ್ಲ ಓಡಾಡಿತು. ಮಾರ್ಷಲ್ ದ್ವೀಪಗಳ ಒಂದು ಬಂದರುಕಟ್ಟೆ, ಬೆನ್ನು ಹಾಕಿ ಕೂತ ಒಂದು ಆಕೃತಿ. ಅದೇ ಅಮೇಲಿಯಾ, ಜಪಾನಿನವರ ಕೈಗೆ ಸಿಕ್ಕು ಬದುಕಿದ್ದರು ಅಂತ ಟಿವಿಯಲ್ಲಿ ದೊಡ್ಡ ಕಾರ್ಯಕ್ರಮವೇ ಬಂತು. ಜಪಾನಿನ ಒಬ್ಬ ಬರಹಗಾರ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಪುಟ ತೆರೆದು ಹುಡುಕಿದರು. ಅದೇ ಫೋಟೋ 1935ರ ಒಂದು ಪ್ರವಾಸಿ ಪುಸ್ತಕದಲ್ಲಿ ಇತ್ತು! ಅಮೇಲಿಯಾ ಕಾಣೆಯಾಗುವುದಕ್ಕೆ ಎರಡು ವರ್ಷ ಮೊದಲೇ ಅಚ್ಚಾದ ಫೋಟೋ. 2024ರ ಜನವರಿಯಲ್ಲಿ ಮತ್ತೊಂದು: ಸಮುದ್ರದ ತಳದ ಸೋನಾರ್ ಚಿತ್ರ (ಶಬ್ದದ ಅಲೆಗಳಿಂದ ಮೂಡಿಸಿದ್ದು), ನೋಡಿದರೆ ವಿಮಾನವೇ ಅನ್ನಿಸುವಂಥದ್ದು. ಅದೇ ವರ್ಷ ನವೆಂಬರಿನಲ್ಲಿ ಗೊತ್ತಾಯಿತು, ಅದು ಬಂಡೆ.

ಇಂಥವನ್ನು ಸಂಜೆ ಸುದ್ದಿ ನೋಡಿ ರಾತ್ರಿಯೇ ಲೇಖನಕ್ಕೆ ಹಾಕುವವರು ಇದ್ದಾರೆ ಮಾರಾಯ್ರೇ. ಗೂಗಲ್ ಲೆನ್ಸ್, ಟಿನ್‌ಐ ಎಂಬ ಚಿತ್ರ ಹುಡುಕುವ ಸಾಧನಗಳೆರಡರಲ್ಲೂ ಹಾಕಿ ನೋಡಿ, ಆ ಚಿತ್ರ ಮೊದಲು ಎಲ್ಲಿ, ಯಾವಾಗ ಬಂತು ಅಂತ ಹಿಂದೆ ಹಿಂದೆ ಹೋಗಿ. ಸಿಗಲಿಲ್ಲ ಅಂದರೆ ಬಿಟ್ಟುಬಿಡಿ.

ಹಾಗಾದರೆ ಕಾಣೆಯಾದ ಭಾಗಕ್ಕೆ ಏನು ಹಾಕುವುದು? ನಾವು ಹೌಲ್ಯಾಂಡ್ ಹತ್ತಿರ ಅವರಿಗಾಗಿ ಕಾಯುತ್ತಿದ್ದ ಅಮೆರಿಕದ ಕರಾವಳಿ ಕಾವಲು ಹಡಗು ಇಟಾಸ್ಕಾದ ಫೋಟೋ ಮತ್ತು ಒಂದು ನಕ್ಷೆ ಆರಿಸಿದೆವು. ಹಾಳೆಯ ಲೆಕ್ಕಕ್ಕಿಂತ ಒಂದು ಜಾಸ್ತಿ ಆಯಿತು, ಆಗಲಿ. ನೀರಿನಲ್ಲಿ ಆ ದ್ವೀಪ ಎಷ್ಟು ಸಣ್ಣ ಚುಕ್ಕೆ ಅನ್ನುವುದು ನಕ್ಷೆಯಲ್ಲೇ ಚೆನ್ನಾಗಿ ತಿಳಿಯುತ್ತದೆ.

ಎಐ ಕೈಯಲ್ಲಿ ಬಣ್ಣ ಹಚ್ಚಿಸಿದ, ಮುಖ ನುಣುಪು ಮಾಡಿಸಿದ ಫೋಟೋಗಳೂ ಬೇಡ. ವೇಗಾ ಕೆಂಪಗಿತ್ತು ಅನ್ನುವುದು ನಿಜ, ಅದು ಈಗಲೂ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಬಣ್ಣ ತೋರಿಸಲೇಬೇಕಾದರೆ ಯಾರಾದರೂ ಅಲ್ಲಿ ಹೋಗಿ ತೆಗೆದ ಈಗಿನ ಫೋಟೋ ಹಾಕಿ, ಹಳೆಯ ಕಪ್ಪುಬಿಳುಪಿಗೆ ಸುಣ್ಣಬಣ್ಣ ಬೇಡ.

ಮೇಲಿನ ಚೌಕದ ಮುಖ

ಇದಕ್ಕೆ ಜಾಸ್ತಿ ಜಗಳ ಆಗುತ್ತದೆ, ಆದರೆ ವಿಷಯ ಸಣ್ಣದು. ಮುಖ ಸ್ಪಷ್ಟ ಇರಲಿ, ಅವರು ಹೆಸರು ಮಾಡಿದ ಕಾಲದ್ದಿರಲಿ. ತಲೆಗೆ ಚರ್ಮದ ಟೋಪಿ, ಹಣೆ ಮೇಲೆ ಗಾಗಲ್ಸ್ ಇದ್ದರೆ ಒಳ್ಳೆಯದೇ, ಕಣ್ಣು ಮುಚ್ಚಿರಬಾರದು ಅಷ್ಟೇ. ವಿಮಾನದ ಪಕ್ಕ ದೂರದಲ್ಲಿ ನಿಂತದ್ದು ಇಲ್ಲಿ ಬೇಡ, ಮೊಬೈಲಿನಲ್ಲಿ ಮುಖ ಸಾಸಿವೆ ಕಾಳಾಗುತ್ತದೆ. ಚೌಕ ಬಲಗಡೆ ಬರುವುದರಿಂದ ಮುಖ ಎಡಕ್ಕೆ, ಅಂದರೆ ಅಕ್ಷರಗಳ ಕಡೆ ತಿರುಗಿದ್ದರೆ ಚೆಂದ. ಹಾಗಂತ ಫೋಟೋವನ್ನೇ ತಿರುಗಿಸಬೇಡಿ. ಕತ್ತರಿಸಬೇಕಾದರೆ ಕಾಮನ್ಸಿನ ಕ್ರಾಪ್‌ಟೂಲ್ ಇದೆ, ಕತ್ತರಿಸಿದ್ದನ್ನು ಹೊಸ ಹೆಸರಲ್ಲಿ ಉಳಿಸಿ, ಮೂಲದ ಮೇಲೆ ಬರೆಯಬೇಡಿ. ಮೊದಲೇ ಒಂದು ಚಿತ್ರ ಇದ್ದು ಅದನ್ನು ಬದಲಾಯಿಸುತ್ತಿದ್ದರೆ ಚರ್ಚೆ ಪುಟದಲ್ಲಿ ಎರಡು ಸಾಲು ಕಾರಣ ಬರೆದು ನಾಲ್ಕು ದಿನ ಕಾಯಿರಿ.

ಚಿತ್ರದ ಕೆಳಗಿನ ಸಾಲು

"ಅಮೇಲಿಯಾ ತಮ್ಮ ವಿಮಾನದೊಂದಿಗೆ." ಇದು ಏನನ್ನೂ ಹೇಳುವುದಿಲ್ಲ, ಚಿತ್ರ ನೋಡಿದರೇ ಗೊತ್ತಾಗುತ್ತದೆ. ತಂಗಿ ಎರಡನೇ ಸಲ ಬರೆದದ್ದು ಹೀಗೆ: "ಎಲೆಕ್ಟ್ರಾ ಮುಂದೆ ಅಮೇಲಿಯಾ ಮತ್ತು ತಂಡ, 1937ರ ಮಾರ್ಚ್. ಈ ಪ್ರಯತ್ನ ಹವಾಯಿಯಲ್ಲಿ ನಿಂತುಹೋಯಿತು." ಯಾರು, ಎಲ್ಲಿ, ಯಾವಾಗ, ಮತ್ತೆ ಪಕ್ಕದ ಪ್ಯಾರಾಕ್ಕೆ ಏನು ಸಂಬಂಧ, ಅಷ್ಟು ಇರಬೇಕು. ನಾಲ್ಕು ಜನ ಇದ್ದರೆ ಎಡದಿಂದ ಬಲಕ್ಕೆ ಹೆಸರು ಬರೆಯಿರಿ. ವರ್ಷ ಖಚಿತ ಇಲ್ಲವಾದರೆ "ಸುಮಾರು" ಅನ್ನಿ, ಊಹೆಯನ್ನು ತಾರೀಖು ಮಾಡಬೇಡಿ.

ಹಾಕುವುದು ಸುಲಭ. 'ಚಿತ್ರ:' ಆದ ಮೇಲೆ ಫೈಲಿನ ಹೆಸರು, ಥಂಬ್ (thumb), ಕೊನೆಗೆ ನಿಮ್ಮ ಸಾಲು. ಅಗಲಕ್ಕಿಂತ ಎತ್ತರ ಜಾಸ್ತಿ ಇರುವ ಚಿತ್ರವಾದರೆ ಅಪ್‌ರೈಟ್ (upright) ಅಂತ ಸೇರಿಸಿ, ಪಿಕ್ಸೆಲ್ ಲೆಕ್ಕ ಕೊಡಬೇಡಿ. ಎಡಕ್ಕೊಂದು ಬಲಕ್ಕೊಂದು ಎದುರುಬದುರು ಇಟ್ಟರೆ ನಡುವೆ ಕನ್ನಡದ ಉದ್ದ ಪದಗಳು ಒದ್ದಾಡುತ್ತವೆ. ಆಲ್ಟ್ (alt) ಎಂಬ ಜಾಗದಲ್ಲಿ ಕಣ್ಣು ಕಾಣದವರಿಗಾಗಿ ಚಿತ್ರದಲ್ಲಿ ಏನಿದೆ ಅಂತ ಕನ್ನಡದಲ್ಲೇ ಒಂದು ಸಾಲು ಬರೆಯಿರಿ, ಅವರ ಫೋನ್ ಅದನ್ನು ಓದಿ ಹೇಳುತ್ತದೆ. ಉಳಿಸಿದ ಮೇಲೆ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿ.

ಮನೆಯ ಆಲ್ಬಮ್, ಟ್ಯಾಗೋರ್ ಬೀಚಿನ ವಿಮಾನ

ನಮ್ಮ ಜಿಲ್ಲೆಯಿಂದ ವಾಯುಪಡೆ, ನೌಕಾಪಡೆ ಸೇರಿದವರು ಸುಮಾರು ಜನ ಇದ್ದಾರೆ, ಅವರ ಫೋಟೋ ಮನೆಗಳ ಗೋಡೆ ಮೇಲಿದೆ. "ಫೋಟೋ ನಮ್ಮ ಮನೆಯದು, ಹಾಕ್ತೇವೆ" ಅಂತ ಕೇಳುತ್ತಾರೆ. ಕಾಗದ ನಿಮ್ಮದು, ಹಕ್ಕು ಬೇರೆ ಮಾತು. ಸಾಮಾನ್ಯವಾಗಿ ಹಕ್ಕು ತೆಗೆದವರದ್ದು. ಆದರೆ ನಮ್ಮ ಕಾಪಿರೈಟ್ ಕಾನೂನಿನಲ್ಲಿ ಒಂದು ಅನುಕೂಲ ಇದೆ: ದುಡ್ಡು ಕೊಟ್ಟು ಸ್ಟುಡಿಯೋದಲ್ಲಿ ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಮಾಲೀಕರು. ಅಜ್ಜ ತಾವೇ ಹೋಗಿ ತೆಗೆಸಿದ್ದಾದರೆ ಅವರ ವಾರಸುದಾರರು ಕಾಮನ್ಸಿನ ತಂಡಕ್ಕೆ ಅನುಮತಿಯ ಇಮೇಲ್ ಕಳಿಸಬಹುದು. ಹಿಂಬದಿಯ ಸ್ಟುಡಿಯೋ ಮುದ್ರೆಯನ್ನೂ ಸ್ಕ್ಯಾನ್ ಮಾಡಿ. ವಾಟ್ಸ್ಆ್ಯಪಿನಲ್ಲಿ ಫೋಟೋ ಅಂತ ಕಳಿಸಬೇಡಿ, ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ.

ನೀವೇ ತೆಗೆದು ಕೊಡುವುದಾದರೆ ಕಾರವಾರದಲ್ಲೇ ಕೆಲಸ ಇದೆ. ಟ್ಯಾಗೋರ್ ಬೀಚಿನಲ್ಲಿ ಚಾಪೆಲ್ ಯುದ್ಧನೌಕೆಯ ಹತ್ತಿರ ನೌಕಾಪಡೆಯ ಟುಪೊಲೆವ್ 142 ವಿಮಾನ ತಂದು ನಿಲ್ಲಿಸಿದ್ದಾರೆ. 2017ರಲ್ಲಿ ನಿವೃತ್ತಿಯಾದ ಜಾತಿಯದ್ದು. ನಾಲ್ಕು ಎಂಜಿನ್, ಒಂದೊಂದಕ್ಕೂ ಹಿಂದೆ ಮುಂದೆ ಎರಡೆರಡು ಪಂಖ, ಒಂದು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ. ಆ ಪಂಖಗಳದ್ದೇ ಹತ್ತಿರದ ಫೋಟೋ ತೆಗೆಯಿರಿ. ನೌಕಾಪಡೆಯ ಪೈಲಟ್‌ಗಳ ಬಗ್ಗೆ ಬರೆಯುವವರಿಗೆ ಇದು ಬೇಕಾಗುತ್ತದೆ. ಸಂಜೆ ಸಮುದ್ರದ ಕಡೆಯಿಂದ ಬಿಸಿಲು ಹೊಡೆಯುವಾಗ ಹೆದ್ದಾರಿ ಬದಿಯಿಂದ ತೆಗೆದರೆ ಬರೀ ಕರಿ ನೆರಳು ಸಿಗುತ್ತದೆ, ಬೆಳಿಗ್ಗೆಯೇ ಹೋಗಿ. ಅರಗಾ ಕಡೆ ನೌಕಾನೆಲೆಯ ಬೇಲಿ ಹತ್ತಿರ ಕ್ಯಾಮೆರಾ ಎತ್ತಲೇಬೇಡಿ, ಅಲ್ಲಿ ಫೋಟೋ ನಿಷೇಧ.

ವಿಮಾನದ ಮೈ ಮೇಲಿನ ನಂಬರು ಬರುವ ಹಾಗೆ ಒಂದು ತೆಗೆಯಿರಿ. ಪಕ್ಕದಲ್ಲಿ ವಿವರದ ಬೋರ್ಡ್ ಇದ್ದರೆ ಅದರದ್ದೂ ಒಂದು, ಆದರೆ ಅಪ್‌ಲೋಡ್ ಮಾಡಲು ಅಲ್ಲ, ಬೋರ್ಡಿನ ಬರಹಕ್ಕೆ ಬೇರೆ ಕಾಪಿರೈಟ್ ಇರುತ್ತದೆ. ಮನೆಗೆ ಬಂದು ಫೈಲಿಗೆ ವಿವರ ಬರೆಯುವಾಗ ಪಕ್ಕದಲ್ಲಿ ಇಟ್ಟುಕೊಳ್ಳಲು.